ಕರ್ನೆಲ್ ಕರೆದಾಗ ಮಾತ್ರ ಬರುತ್ತದೆ: ಪುಟ್ಟದೊಂದು ಆಪರೇಟಿಂಗ್ ಸಿಸ್ಟಂ ಬರೆದ ನನ್ನ ಅನುಭವ

ದಾವಣಗೆರೆಯ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ನಾನು ಆಪರೇಟಿಂಗ್ ಸಿಸ್ಟಂ ಪಾಠ ಮಾಡುತ್ತೇನೆ. ಬೋರ್ಡಿನ ಮೇಲೆ ಕೆಳಗೊಂದು ಚೌಕ ಬರೆದು ಹಾರ್ಡ್‌ವೇರ್, ಅದರ ಮೇಲೊಂದು ಚೌಕ ಬರೆದು ಕರ್ನೆಲ್ (ಆಪರೇಟಿಂಗ್ ಸಿಸ್ಟಂನ ತಿರುಳು; ಸಿಪಿಯು, ಮೆಮೊರಿ, ಸಾಧನಗಳನ್ನು ಪ್ರೋಗ್ರಾಂಗಳಿಗೆ ಹಂಚುವ ಭಾಗ), ಎಲ್ಲಕ್ಕಿಂತ ಮೇಲೆ ಪ್ರೋಗ್ರಾಂಗಳು ಅಂತ ಹೇಳಿಕೊಡುವುದು ರೂಢಿ. ಪರೀಕ್ಷೆಗೆ ಅಷ್ಟು ಸಾಕು. ಆದರೆ ಜಗಳೂರು ಕಡೆಯ ಒಬ್ಬ ಹುಡುಗಿ ಕ್ಲಾಸಿನಲ್ಲಿ ಕೇಳಿದ ಪ್ರಶ್ನೆಗೆ ಆ ಚಿತ್ರದಲ್ಲಿ ಉತ್ತರ ಇರಲಿಲ್ಲ. "ಮೇಡಂ, ಸಿಪಿಯು ಒಂದೇ ಐತಿ ಅಂತ ಇಟ್ಕೊಳ್ರಿ. ಅದರಾಗೆ ನಮ್ಮ ಪ್ರೋಗ್ರಾಂ ಓಡ್ತಿದ್ರೆ, ಆ ಹೊತ್ತಿನಾಗೆ ಕರ್ನೆಲ್ ಎಲ್ಲಿರ್ತೈತ್ರಿ?"

ಕರ್ನೆಲ್ ಆಗ ಓಡುತ್ತಿರುವುದೇ ಇಲ್ಲ. ಮೆಮೊರಿಯಲ್ಲಿ ಸುಮ್ನೆ ಇರುತ್ತದೆ. ಯಾರಾದರೂ ಕರೆದರೆ ಏಳುತ್ತದೆ, ಕೆಲಸ ಮುಗಿಸುತ್ತದೆ, ಸಿಪಿಯು ಬಿಟ್ಟುಕೊಡುತ್ತದೆ. ಬೋರ್ಡಿನ ಚಿತ್ರ ನೋಡಿದವರಿಗೆ ಅದು ಸದಾ ಎಚ್ಚರವಾಗಿ ಕೂತು ಎಲ್ಲರ ಮೇಲೆ ಕಣ್ಣಿಟ್ಟಿರುತ್ತದೆ ಅನ್ನಿಸುತ್ತದೆ. ಹಾಗಿಲ್ಲ ಅಂತ ಬಾಯಲ್ಲಿ ಹೇಳಿದರೆ ಹುಡುಗರು ತಲೆ ಆಡಿಸುತ್ತಾರೆ, ಒಳಗೆ ನಂಬುವುದಿಲ್ಲ. ನಂಬಬೇಕಾದರೆ ಕಣ್ಣಾರೆ ನೋಡಬೇಕು. ಅದಕ್ಕೇ ನಾನೇ ಒಂದು ಚಿಕ್ಕ ಕರ್ನೆಲ್ ಬರೆಯೋಣ ಅಂತ ಹೊರಟೆ. ಕಾಲೇಜು ಮುಗಿದ ಮೇಲೆ ಸಂಜೆ ಲ್ಯಾಬಿನಲ್ಲಿ, ಆಸಕ್ತಿ ಇದ್ದ ಕೆಲವು ಹುಡುಗ ಹುಡುಗಿಯರನ್ನು ಜೊತೆಗೆ ಕೂರಿಸಿಕೊಂಡು ಬರೆದೆ. ಅದನ್ನು ಹೇಗೆ ಕಟ್ಟಿದೆ, ಯಾವ ಜಾಗದಲ್ಲಿ ಏನು ತಿಳಿಯಿತು ಅನ್ನುವುದನ್ನು ಇಲ್ಲಿ ಹೇಳುತ್ತೇನೆ.

ಪ್ರೊಸೆಸರ್ ಆರಿಸುವಾಗಲೇ ಒಂದು ತೀರ್ಮಾನ ಮಾಡಬೇಕಾಗುತ್ತದೆ. ಮೇಜಿನ ಮೇಲಿರುವ ಇಂಟೆಲ್ ಯಂತ್ರಕ್ಕೇ ಬರೆಯಬಹುದು. ಆದರೆ ಆ ಪ್ರೊಸೆಸರ್ ಆನ್ ಆದ ತಕ್ಷಣ 1978ರ 8086ರ ಹಾಗೆ 16 ಬಿಟ್ ಮೋಡ್‌ನಲ್ಲಿ ಏಳುತ್ತದೆ. ಅಲ್ಲಿಂದ 32 ಬಿಟ್, ಆಮೇಲೆ 64 ಬಿಟ್ ಅಂತ ಹತ್ತಿಸಿಕೊಂಡು ಬರುವಷ್ಟರಲ್ಲಿ ಕಲಿಯುವವರ ಉತ್ಸಾಹ ಇಳಿದುಹೋಗುತ್ತದೆ. ಹಾಗಾಗಿ ರಿಸ್ಕ್-ಫೈವ್ ತೆಗೆದುಕೊಂಡೆ. 2010ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಶುರುವಾದ ವಿನ್ಯಾಸ ಇದು. ಇದರ ಸೂಚನೆಗಳ ಪಟ್ಟಿ ಯಾರು ಬೇಕಾದರೂ ಬಳಸಬಹುದಾದದ್ದು. ನಮ್ಮ ಐಐಟಿ ಮದ್ರಾಸಿನ 'ಶಕ್ತಿ' ಪ್ರೊಸೆಸರ್ ಕೂಡ ಇದೇ ಜಾತಿಯದು. ಚಿಪ್ ಕೈಯಲ್ಲಿ ಇರಬೇಕು ಅಂತಿಲ್ಲ. ಕ್ಯೂಎಮು ಅನ್ನುವ ಉಚಿತ ತಂತ್ರಾಂಶ ಒಂದು ಇಡೀ ರಿಸ್ಕ್-ಫೈವ್ ಯಂತ್ರವನ್ನು ನಿಮ್ಮ ಉಬುಂಟು ಒಳಗೇ ನಟಿಸುತ್ತದೆ. ಲ್ಯಾಬಿನ ಹಳೇ ಕಂಪ್ಯೂಟರ್‌ಗಳಲ್ಲೂ ಆರಾಮಾಗಿ ಓಡಿತು.

ದಾರಿ ತೋರಿಸೋಕೆ ಎಂಐಟಿಯವರ ಎಕ್ಸ್‌ವಿ6 ಇತ್ತು. 1975ರ ಯೂನಿಕ್ಸ್ ಆರನೇ ಆವೃತ್ತಿಯ ಮಾದರಿಯಲ್ಲಿ, ಪಾಠಕ್ಕೆಂದೇ 2006ರಲ್ಲಿ ಬರೆದ ಕರ್ನೆಲ್ ಅದು. 2019ರಲ್ಲಿ ರಿಸ್ಕ್-ಫೈವ್‌ಗೆ ಬಂತು. ಅದರ ಒಂದೊಂದು ಭಾಗ ಓದಿ, ಮುಚ್ಚಿಟ್ಟು, ನನಗೆ ತಿಳಿದ ಹಾಗೆ ಬರೆಯುತ್ತಾ ಹೋದೆ. ನೋಡಿಕೊಂಡು ಬರೆದರೆ ಕೈ ಕಲಿಯುತ್ತದೆ, ತಲೆ ಕಲಿಯುವುದಿಲ್ಲ.

ಶುರುವಿನ ಭಾಗ ಚಿಕ್ಕದು. ಕ್ಯೂಎಮು ಯಂತ್ರದಲ್ಲಿ ರ‍್ಯಾಮ್ ಹೆಕ್ಸ್ (16ರ ಗುಂಪಿನ) ಲೆಕ್ಕದ 80000000 ವಿಳಾಸದಿಂದ ಶುರುವಾಗುತ್ತದೆ. ಯಂತ್ರ ಆನ್ ಆದಾಗ ಮೊದಲು ಓಡುವ ಬಯೋಸ್ ತಂತ್ರಾಂಶ ಬೇಡ ಅಂತ ಹೇಳಿದರೆ ಸಿಪಿಯು ನೇರವಾಗಿ ಅಲ್ಲಿಗೇ ಬಂದು ನಿಲ್ಲುತ್ತದೆ. ಕೋಡಿನ ತುಣುಕುಗಳನ್ನು ಜೋಡಿಸಿ ವಿಳಾಸ ಕೊಡುವ ಲಿಂಕರ್‌ಗೆ ನಮ್ಮ ಮೊದಲ ಸೂಚನೆಯನ್ನು ಸರಿಯಾಗಿ ಆ ವಿಳಾಸದಲ್ಲಿ ಇಡು ಅಂತ ಹೇಳಬೇಕು. ಮೊದಲ ನಾಲ್ಕಾರು ಸಾಲು ಅಸೆಂಬ್ಲಿಯಲ್ಲೇ ಬರೆಯಬೇಕು. ಯಾಕೆಂದರೆ ಸಿ ಭಾಷೆಯ ಫಂಕ್ಷನ್‌ಗೆ ತನ್ನ ತಾತ್ಕಾಲಿಕ ಲೆಕ್ಕ ಇಡಲು ಸ್ಟ್ಯಾಕ್ ಅನ್ನುವ ಮೆಮೊರಿ ಜಾಗ ಬೇಕು, ಆ ಹೊತ್ತಿಗೆ ಸ್ಟ್ಯಾಕ್ ಅನ್ನುವುದೇ ಇರುವುದಿಲ್ಲ. ಒಂದಿಷ್ಟು ಜಾಗ ಬಿಟ್ಟು, ಸ್ಟ್ಯಾಕ್ ಪಾಯಿಂಟರ್‌ಗೆ ಅದರ ತುದಿಯ ವಿಳಾಸ ಕೊಟ್ಟು, ಸಿ ಫಂಕ್ಷನ್‌ಗೆ ಹಾರಿದರೆ ಮುಗಿಯಿತು.

ಪರದೆಯ ಮೇಲೆ ಏನಾದರೂ ಕಾಣಬೇಕಲ್ವಾ? ಪ್ರಿಂಟ್‌ಎಫ್ ಇಲ್ಲ, ಲೈಬ್ರರಿ ಇಲ್ಲ. ಈ ಯಂತ್ರದಲ್ಲಿ ಸೀರಿಯಲ್ ಪೋರ್ಟ್ ಹೆಕ್ಸ್ 10000000 ವಿಳಾಸದಲ್ಲಿದೆ. ಆ ವಿಳಾಸಕ್ಕೆ ಒಂದು ಬೈಟ್ ಬರೆದರೆ ಅದು ಟರ್ಮಿನಲ್‌ಗೆ ಹೋಗುತ್ತದೆ. ಮೊದಲ ಮಾತು ಕನ್ನಡದಲ್ಲೇ ಬರಲಿ ಅಂತ 'ದಾವಣಗೆರೆ' ಅಂತ ಬರೆಸಿದೆ. ಎಣಿಸಿದರೆ ಅದರಲ್ಲಿ 8 ಯೂನಿಕೋಡ್ ಗುರುತುಗಳಿವೆ: ದ, ಅದರ ಇಳಿ, ವ, ಣ, ಗ, ಅದರ ಎತ್ವ, ರ, ಅದರ ಎತ್ವ. ಆ ಗುರುತುಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಪ್ರತಿ ಗುರುತಿಗೂ 3 ಬೈಟ್. ಒಟ್ಟು 24 ಬೈಟ್. ಈ 3 ಬೈಟ್‌ನ ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ಅದರಿಂದಲೇ ಇಡೀ ತರಗತಿಗೆ ಒಂದು ದೊಡ್ಡ ಪಾಠವಾಯಿತು.

ಈಗ ಆ ಹುಡುಗಿಯ ಪ್ರಶ್ನೆಗೆ ಬರೋಣ. ಕರ್ನೆಲ್ ಏಳುವುದಕ್ಕೆ ಮೂರೇ ದಾರಿ. ಪ್ರೋಗ್ರಾಂ ತಾನೇ ಕೇಳಿಕೊಳ್ಳುವುದು ಒಂದು. ಅದು ಸಿಸ್ಟಂ ಕಾಲ್, ರಿಸ್ಕ್-ಫೈವ್‌ನಲ್ಲಿ ಅದಕ್ಕೆ ಇಕಾಲ್ ಅನ್ನುವ ಸೂಚನೆ ಇದೆ. ಪ್ರೋಗ್ರಾಂ ಮಾಡಬಾರದ್ದನ್ನು ಮಾಡಿದರೆ ಎರಡನೆಯದು. ಇಲ್ಲದ ವಿಳಾಸ ಓದಲು ಹೋಯಿತು ಅಂದರೆ ಫಾಲ್ಟ್. ಮೂರನೆಯದು ಹೊರಗಿನ ಸಾಧನ ಕರೆಯುವುದು. ಕೀಬೋರ್ಡು, ಡಿಸ್ಕು, ನೆಟ್‌ವರ್ಕ್ ಕಾರ್ಡು, ಗಡಿಯಾರ, ಇವುಗಳ ಇಂಟರಪ್ಟ್. ಮೂರರಲ್ಲಿ ಯಾವುದೇ ಆದರೂ ಹಾರ್ಡ್‌ವೇರ್ ಮಾಡುವ ಕೆಲಸ ಹೆಚ್ಚುಕಡಿಮೆ ಒಂದೇ. ಎಲ್ಲಿ ಓಡುತ್ತಿತ್ತೋ ಆ ವಿಳಾಸವನ್ನು ಒಂದು ವಿಶೇಷ ರಿಜಿಸ್ಟರ್‌ನಲ್ಲಿ (ಸಿಪಿಯು ಒಳಗೇ ಸಂಖ್ಯೆ ಇಡುವ ಪುಟ್ಟ ಜಾಗ) ಬರೆದಿಡುತ್ತದೆ. ಯಾಕೆ ಬಂದೆ ಅನ್ನುವ ಕಾರಣದ ಸಂಖ್ಯೆಯನ್ನು ಇನ್ನೊಂದರಲ್ಲಿ ಇಡುತ್ತದೆ. ಪ್ರೋಗ್ರಾಂಗಳು ಓಡುವ, ಅಧಿಕಾರ ಕಡಿಮೆ ಇರುವ ಯೂಸರ್ ಮೋಡ್‌ನಿಂದ ಬಂದ ಇಕಾಲ್ ಆದರೆ ಕಾರಣ 8, ಇಲ್ಲದ ಪುಟ (ಮೆಮೊರಿಯ ಒಂದು ತುಂಡು) ಓದಲು ಹೋದರೆ 13, ಬರೆಯಲು ಹೋದರೆ 15. ಆಮೇಲೆ ಇಂಟರಪ್ಟ್‌ಗಳನ್ನು ಆಫ್ ಮಾಡಿ, ಕರ್ನೆಲ್ ಓಡುವ ಸೂಪರ್‌ವೈಸರ್ ಮೋಡ್‌ಗೆ ಏರಿ, ಕರ್ನೆಲ್ ಮೊದಲೇ ಹೇಳಿಟ್ಟ ಒಂದು ವಿಳಾಸಕ್ಕೆ ಹಾರುತ್ತದೆ. ಅಷ್ಟೇ. ಉಳಿದದ್ದೆಲ್ಲ ನಾವು ಬರೆಯಬೇಕು.

ಆ ಉಳಿದದ್ದರಲ್ಲಿ ಒಂದು ಜಾಗ ನನಗೆ ತುಂಬ ಇಷ್ಟ. ಪ್ರೋಗ್ರಾಂ ನಡುವೆಯೇ ನಿಂತಿದೆ. ಅದರ ರಿಜಿಸ್ಟರ್‌ಗಳಲ್ಲಿ ಅದರ ಲೆಕ್ಕಾಚಾರ ತುಂಬಿದೆ. ಒಂದು ರಿಜಿಸ್ಟರ್ ಸದಾ ಸೊನ್ನೆ, ಉಳಿದ 31ನ್ನೂ ಎಲ್ಲಾದರೂ ಬರೆದಿಡಬೇಕು. ಬರೆದಿಡಬೇಕಾದರೆ ಎಲ್ಲಿ ಅನ್ನುವ ವಿಳಾಸ ಒಂದು ರಿಜಿಸ್ಟರ್‌ನಲ್ಲಿ ಇರಬೇಕು. ಆದರೆ ಖಾಲಿ ರಿಜಿಸ್ಟರ್ ಒಂದೂ ಇಲ್ಲ. ಎರಡೂ ಕೈಯಲ್ಲಿ ಸಾಮಾನು ಹಿಡಿದುಕೊಂಡು ಚಿಲಕ ಹಾಕಿದ ಬಾಗಿಲ ಮುಂದೆ ನಿಂತ ಹಾಗೆ. ರಿಸ್ಕ್-ಫೈವ್ ಮಾಡಿದವರು ಇದನ್ನು ಯೋಚಿಸಿಯೇ ಎಸ್‌ಸ್ಕ್ರ್ಯಾಚ್ ಅನ್ನುವ ಒಂದು ರಿಜಿಸ್ಟರ್ ಕೊಟ್ಟಿದ್ದಾರೆ. ಅದರೊಳಗಿರುವುದನ್ನೂ ಇನ್ನೊಂದು ರಿಜಿಸ್ಟರ್‌ನಲ್ಲಿರುವುದನ್ನೂ ಒಂದೇ ಸೂಚನೆಯಲ್ಲಿ ಅದಲು ಬದಲು ಮಾಡಬಹುದು. ಒಂದು ಕೈ ಖಾಲಿಯಾಯಿತು. ಆ ಒಂದರಿಂದ ಉಳಿದ 30ನ್ನು ಬರೆದಿಟ್ಟು, ಕೊನೆಗೆ ಅದಲು ಮಾಡಿದ್ದನ್ನೂ ಬರೆದಿಟ್ಟರೆ ಪ್ರೋಗ್ರಾಂಗೆ ಏನೂ ಗೊತ್ತಾಗದ ಹಾಗೆ ಅದನ್ನು ನಿಲ್ಲಿಸಿದ ಹಾಗಾಯಿತು. ಲಿನಕ್ಸ್ ಕೂಡ ರಿಸ್ಕ್-ಫೈವ್‌ನಲ್ಲಿ ಒಳಗೆ ಬರುವಾಗ ಇದೇ ರಿಜಿಸ್ಟರನ್ನು ಬಳಸುತ್ತದೆ.

ಇಕಾಲ್‌ಗೆ ಇನ್ನೊಂದು ಸಣ್ಣ ವಿಷಯ ಇದೆ. ಹಾರ್ಡ್‌ವೇರ್ ಬರೆದಿಡುವ ವಿಳಾಸ ಇಕಾಲ್ ಸೂಚನೆಯದ್ದೇ, ಅದರ ಮುಂದಿನದ್ದಲ್ಲ. ವಾಪಸ್ ಕಳಿಸುವ ಮುಂಚೆ ಅದಕ್ಕೆ 4 ಕೂಡಿಸಬೇಕು. ಕೂಡಿಸದಿದ್ದರೆ ಪ್ರೋಗ್ರಾಂ ವಾಪಸ್ ಬಂದು ಮತ್ತೆ ಅದೇ ಇಕಾಲ್ ಮಾಡುತ್ತದೆ, ಮತ್ತೆ ಮತ್ತೆ. ಪೇಜ್ ಫಾಲ್ಟ್‌ಗೆ ಮಾತ್ರ ಕೂಡಿಸಬಾರದು. ಅಲ್ಲಿ ಕರ್ನೆಲ್ ಆ ಪುಟವನ್ನು ಒದಗಿಸಿದ ಮೇಲೆ ಅದೇ ಸೂಚನೆ ಇನ್ನೊಮ್ಮೆ ನಡೆಯಬೇಕು. ಈ ಒಂದು 4ರ ವ್ಯತ್ಯಾಸ ಅರ್ಥವಾದರೆ ಸಿಸ್ಟಂ ಕಾಲ್‌ಗೂ ಫಾಲ್ಟ್‌ಗೂ ಇರುವ ವ್ಯತ್ಯಾಸ ಪೂರ್ತಿ ಅರ್ಥವಾದಂತೆ.

ಈ ಹಂತ ಮುಗಿದ ದಿನ ಲ್ಯಾಬಿನಲ್ಲಿ ಒಂದು ಪ್ರಯೋಗ ಮಾಡಿದೆವು. ಗಡಿಯಾರದ ಇಂಟರಪ್ಟ್ ಆಫ್ ಇಟ್ಟೆ. ಏನೂ ಮಾಡದೆ ಸುತ್ತುವ, ಒಂದೇ ಸಾಲಿನ ವೈಲ್ ಲೂಪ್ ಇರುವ ಪ್ರೋಗ್ರಾಂ ಹಚ್ಚಿದೆ. ಓಡುವುದನ್ನು ನಿಲ್ಲಿಸಿ ಒಳಗೆ ನೋಡಲು ಬಿಡುವ ಜಿಡಿಬಿ ಅನ್ನುವ ತಂತ್ರಾಂಶದಲ್ಲಿ, ಕರ್ನೆಲ್ ಒಳಗೆ ಬರುವ ಆ ಒಂದೇ ವಿಳಾಸಕ್ಕೆ ಬ್ರೇಕ್‌ಪಾಯಿಂಟ್ ಹಾಕಿದೆ, ಅಂದರೆ ಅಲ್ಲಿಗೆ ಬಂದರೆ ಯಂತ್ರ ನಿಲ್ಲಬೇಕು. ಕರ್ನೆಲ್ ಸದಾ ಓಡುತ್ತಿದ್ದರೆ ತಕ್ಷಣ ನಿಲ್ಲಬೇಕಲ್ವಾ? ನಿಲ್ಲಲಿಲ್ಲ. ಕಾದೆವು. ಹುಡುಗರು ಟೀ ಕುಡಿದು ಬಂದರು. ಆಗಲೂ ನಿಂತಿರಲಿಲ್ಲ. ಕರ್ನೆಲ್ ಮೆಮೊರಿಯಲ್ಲಿ ಪೂರ್ತಿ ಇದೆ, ಎಲ್ಲ ಅಧಿಕಾರವೂ ಅದಕ್ಕಿದೆ, ಆದರೂ ಆ ಒಂದು ಸಾಲಿನ ಪ್ರೋಗ್ರಾಂನಿಂದ ಸಿಪಿಯು ಕಿತ್ತುಕೊಳ್ಳಲು ಆಗುತ್ತಿಲ್ಲ. ಕರೆಯುವವರೇ ಇಲ್ಲ.

ಆಮೇಲೆ ಗಡಿಯಾರ ಆನ್ ಮಾಡಿದೆ. ಕ್ಯೂಎಮು ಯಂತ್ರದ ಗಡಿಯಾರ ಸೆಕೆಂಡಿಗೆ 1 ಕೋಟಿ ಸಲ ಎಣಿಸುತ್ತದೆ. ಈಗಿನ ಎಣಿಕೆಗೆ 10 ಲಕ್ಷ ಕೂಡಿಸಿ, ಅಷ್ಟಾದಾಗ ಕರೆ ಅಂತ ಹೇಳಿಟ್ಟರೆ ಸೆಕೆಂಡಿನ ಹತ್ತನೇ ಒಂದು ಭಾಗಕ್ಕೊಮ್ಮೆ ಇಂಟರಪ್ಟ್ ಬರುತ್ತದೆ. ಬ್ರೇಕ್‌ಪಾಯಿಂಟ್‌ನಲ್ಲಿ ಯಂತ್ರ ಕೂಡಲೇ ನಿಂತಿತು. ಅಂದರೆ ಪ್ರೋಗ್ರಾಂ ಎಷ್ಟೇ ಹಟ ಮಾಡಿದರೂ ಸಿಪಿಯು ವಾಪಸ್ ಕೈಗೆ ಬರುವುದಕ್ಕೆ ಕಾರಣ ಈ ಒಂದು ಗಡಿಯಾರ. ಕರ್ನೆಲ್ ಪ್ರೋಗ್ರಾಂಗೆ ಸಿಪಿಯು ಕೊಡುವ ಮುಂಚೆ ಅಲಾರಂ ಇಟ್ಟು ಕೊಡುತ್ತದೆ. ಆ ಅಲಾರಂ ಮುಟ್ಟುವ ಅಧಿಕಾರ ಯೂಸರ್ ಮೋಡ್‌ಗೆ ಇಲ್ಲ.

ಇದು ಹೊಸ ವಿಚಾರವೇನಲ್ಲ. ಎಂಐಟಿಯಲ್ಲಿ ಫರ್ನಾಂಡೊ ಕೊರ್ಬಾಟೊ ತಂಡ ಒಂದೇ ಕಂಪ್ಯೂಟರನ್ನು ಹಲವರಿಗೆ ಹಂಚುವ ಸಿಟಿಎಸ್‌ಎಸ್ ವ್ಯವಸ್ಥೆಯನ್ನು 1961ರಲ್ಲೇ ತೋರಿಸಿತ್ತು. ಆದರೂ ಮನೆಮನೆಯ ಕಂಪ್ಯೂಟರಿಗೆ ಅದು ಬರಲು ತುಂಬ ಕಾಲ ಹಿಡಿಯಿತು. ವಿಂಡೋಸ್ 3.1ರಲ್ಲಿ ಪ್ರೋಗ್ರಾಂಗಳು ತಾವಾಗೇ ಬಿಟ್ಟುಕೊಟ್ಟರೆ ಮಾತ್ರ ಇನ್ನೊಂದಕ್ಕೆ ಸರದಿ. ಆ್ಯಪಲ್‌ನ ಹಳೇ ಮ್ಯಾಕ್ ಓಎಸ್ ಒಂಬತ್ತನೇ ಆವೃತ್ತಿಯವರೆಗೂ ಹಾಗೇ ಇತ್ತು. ಒಂದು ಪ್ರೋಗ್ರಾಂ ಸಿಕ್ಕಿಹಾಕಿಕೊಂಡರೆ ಇಡೀ ಯಂತ್ರ ಹ್ಯಾಂಗ್. 90ರ ದಶಕದಲ್ಲಿ ಕಂಪ್ಯೂಟರ್ ಬಳಸಿದವರಿಗೆ ಅದು ಚೆನ್ನಾಗಿ ನೆನಪಿರುತ್ತದೆ.

ಸಿಪಿಯು ವಾಪಸ್ ಬಂತು, ಈಗ ಅದನ್ನು ಇನ್ನೊಂದು ಪ್ರೋಗ್ರಾಂಗೆ ಕೊಡಬೇಕು. ಇದಕ್ಕೆ ಬರೆದ ಫಂಕ್ಷನ್ ಇಡೀ ಕರ್ನೆಲ್‌ನಲ್ಲೇ ಚಿಕ್ಕದು. 14 ರಿಜಿಸ್ಟರ್ ಬರೆದಿಡು, ಇನ್ನೊಬ್ಬರ 14 ರಿಜಿಸ್ಟರ್ ತುಂಬಿಕೋ, ರಿಟರ್ನ್. ಮೇಲೆ 31 ಅಂದೆ, ಇಲ್ಲಿ 14 ಸಾಕಾಗುವುದು ಹೇಗೆ? ಇಂಟರಪ್ಟ್ ಪ್ರೋಗ್ರಾಂಗೆ ಹೇಳದೆ ಕೇಳದೆ ಬರುತ್ತದೆ, ಅದಕ್ಕೆ ಎಲ್ಲವನ್ನೂ ಕಾಪಾಡಬೇಕು. ಈ ಫಂಕ್ಷನನ್ನು ಮಾತ್ರ ಕರ್ನೆಲ್ ತಾನೇ ತಿಳಿದು ಕರೆಯುತ್ತದೆ. ಫಂಕ್ಷನ್ ಕರೆಯುವ ಮುಂಚೆ ಬೇಕಾದ ಅರ್ಧ ರಿಜಿಸ್ಟರ್‌ಗಳನ್ನು ಕಂಪೈಲರ್ ಸ್ಟ್ಯಾಕ್‌ನಲ್ಲಿ ಇಟ್ಟಾಗಿರುತ್ತದೆ. ಉಳಿಯುವುದು ವಾಪಸ್ ಹೋಗುವ ವಿಳಾಸ, ಸ್ಟ್ಯಾಕ್ ಪಾಯಿಂಟರ್, ಮತ್ತೆ ಎಸ್ ಅಂತ ಹೆಸರಿರುವ ಸಾಲಿನ 12 ರಿಜಿಸ್ಟರ್.

ಜಿಡಿಬಿಯಲ್ಲಿ ಇದನ್ನು ಒಂದೊಂದೇ ಸೂಚನೆ ನಡೆಸಿ ತೋರಿಸಿದಾಗ ಲ್ಯಾಬ್ ಪೂರ್ತಿ ಸುಮ್ಮನಾಯಿತು. ಒಂದು ಪ್ರೋಸೆಸ್ (ಓಡುತ್ತಿರುವ ಪ್ರೋಗ್ರಾಂ) ಫಂಕ್ಷನ್ ಒಳಗೆ ಹೋಯಿತು. ರಿಟರ್ನ್ ಆಗಿ ಹೊರಗೆ ಬಂದದ್ದು ಇನ್ನೊಂದು ಪ್ರೋಸೆಸ್. ಮೊದಲನೆಯದು ಅಲ್ಲೇ, ಫಂಕ್ಷನ್ ಒಳಗೇ, ತನ್ನ ಸರದಿ ಬರುವವರೆಗೂ ನಿಂತಿರುತ್ತದೆ. "ಹಂಗಾದ್ರೆ ಮೊದಲನೇ ಸಲ ಓಡೋ ಪ್ರೋಸೆಸ್ ಎಲ್ಲಿಗೆ ರಿಟರ್ನ್ ಆಗ್ತೈತ್ರಿ? ಅದು ಒಳಗೆ ಹೋಗೇ ಇಲ್ವಲ್ಲ?" ಅಂತ ಒಬ್ಬ ಕೇಳಿದ. ಸರಿಯಾದ ಪ್ರಶ್ನೆ. ಹೊಸ ಪ್ರೋಸೆಸ್ ಹುಟ್ಟಿಸುವಾಗ ಅದರ ವಾಪಸ್ ವಿಳಾಸದ ಜಾಗದಲ್ಲಿ ನಮಗೆ ಬೇಕಾದ ಫಂಕ್ಷನ್‌ನ ವಿಳಾಸವನ್ನು ನಾವೇ ಕೈಯಾರೆ ತುಂಬುತ್ತೇವೆ. ಅದು ತಾನು ಎಂದೂ ಹೋಗದ ಜಾಗದಿಂದ ವಾಪಸ್ ಬಂದು ಕೆಲಸ ಶುರು ಮಾಡುತ್ತದೆ.

ಈಗ ಎರಡು ಪ್ರೋಗ್ರಾಂ ಹಚ್ಚಿದೆ. ಒಂದು 'ದಾವಣಗೆರೆ' ಅಂತ ಬಿಡದೆ ಬರೆಯುತ್ತಾ ಹೋಗುತ್ತದೆ, ಇನ್ನೊಂದು 'ಚಿತ್ರದುರ್ಗ' ಅಂತ. ಸಿಸ್ಟಂ ಕಾಲ್ ಒಂದು ಸಲಕ್ಕೆ ಒಂದೇ ಬೈಟ್ ಕಳಿಸುವ ಹಾಗೆ ಬೇಕೆಂದೇ ಇಟ್ಟಿದ್ದೆ. ಟರ್ಮಿನಲ್‌ನಲ್ಲಿ ಒತ್ತಕ್ಷರ ನೆಟ್ಟಗೆ ಕೂರುವುದಿಲ್ಲ, ಹಾಗಾಗಿ ಸೀರಿಯಲ್ ಪೋರ್ಟಿನ ಔಟ್‌ಪುಟ್ಟನ್ನು ಫೈಲಿಗೆ ಹಾಕಿಸಿ ಎಡಿಟರ್‌ನಲ್ಲಿ ತೆರೆದೆವು. ಸುಮಾರು ದೂರ ದಾವಣಗೆರೆ ದಾವಣಗೆರೆ ಅಂತ ಚೆನ್ನಾಗಿ ಬಂದು, ಆಮೇಲೆ ಕಪ್ಪು ವಜ್ರದ ಆಕಾರದಲ್ಲಿ ಪ್ರಶ್ನೆ ಗುರುತು, ಆಮೇಲೆ ಚಿತ್ರದುರ್ಗ ಚಿತ್ರದುರ್ಗ, ಮತ್ತೆ ಅದೇ ಪ್ರಶ್ನೆ ಗುರುತು.

ಏನಾಯಿತು ನೋಡಿ. 'ದ' ಅಕ್ಷರದ 3 ಬೈಟ್ 224, 178, 166. ಮೊದಲ ಎರಡು ಹೋದ ಮೇಲೆ ಗಡಿಯಾರ ಕರೆಯಿತು, ಸರದಿ ಬದಲಾಯಿತು. ಚಿತ್ರದುರ್ಗದ ಪ್ರೋಗ್ರಾಂ 'ಚ' ಶುರು ಮಾಡಿ 224, 178, 154 ಕಳಿಸಿತು. ದಾವಣಗೆರೆಗೆ ಮತ್ತೆ ಸರದಿ ಬಂದಾಗ ಅದು ತನ್ನ ಪಾಡಿಗೆ ಉಳಿದ 166 ಕಳಿಸಿತು. ಅರ್ಧ ಅಕ್ಷರ ಇಲ್ಲಿ, ಕಾಲು ಅಕ್ಷರ ಅಲ್ಲಿ. ಇಂಗ್ಲಿಷ್ ಅಕ್ಷರ ಒಂದೇ ಬೈಟ್ ಆದ್ದರಿಂದ ಪದ ಹರಿಯುತ್ತದೆ, ಅಕ್ಷರ ಮುರಿಯುವುದಿಲ್ಲ. ಕನ್ನಡದಲ್ಲಿ ಅಕ್ಷರವೇ ಮುರಿಯುತ್ತದೆ. ಸರದಿ ಯಾವ ಬೈಟ್ ಆದ ಮೇಲೆ ಬೇಕಾದರೂ ಬದಲಾಗಬಹುದು ಅಂದರೆ, ಮೂರು ಸಲದಲ್ಲಿ ಎರಡು ಸಲ ಅದು ಅಕ್ಷರದ ನಡುವೆಯೇ ಬೀಳಬೇಕು. ಉಳಿದ ಒಂದು ಸಲವೂ ಕ್ಷೇಮ ಅಂತಿಲ್ಲ. ಒಂದು ಜಾಗದಲ್ಲಿ 'ದ' ಪೂರ್ತಿ ಹೋಗಿ, ಅದರ ಇಳಿ ಹೋಗುವ ಮುಂಚೆ ಸರದಿ ಬದಲಾಗಿತ್ತು. ಆ ಇಳಿ ಆಮೇಲೆ ಬಂದು ಚಿತ್ರದುರ್ಗದ ಗಕಾರಕ್ಕೆ ಅಂಟಿಕೊಂಡು 'ಚಿತ್ರದುರ್ಗಾವಣಗೆರೆ' ಅಂತ ಹೊಸ ಊರೇ ಆಗಿತ್ತು! ಹುಡುಗರು ನಕ್ಕದ್ದು ನಕ್ಕದ್ದೇ. ಪುಸ್ತಕದಲ್ಲಿ ಬರುವ ರೇಸ್ ಕಂಡಿಷನ್ (ಯಾರು ಯಾವಾಗ ಓಡಿದರು ಅನ್ನುವುದರ ಮೇಲೆ ಫಲಿತಾಂಶ ಕೆಡುವುದು) ಅನ್ನುವ ಪದಕ್ಕೆ ಇಷ್ಟು ಸ್ಪಷ್ಟವಾದ ಉದಾಹರಣೆ ನಾನು ಬೇರೆ ಕಂಡಿಲ್ಲ. ಕನ್ನಡದಲ್ಲಿ ಪಾಠ ಮಾಡುವವರು ದಯವಿಟ್ಟು ಇದನ್ನು ಮಾಡಿ ತೋರಿಸಿ.

ಒಂದು ಅಕ್ಷರ ಕೆಟ್ಟರೂ ಮುಂದಿನ ಸಾಲೆಲ್ಲ ಕೆಡಲಿಲ್ಲ ಅನ್ನುವುದನ್ನೂ ಗಮನಿಸಬೇಕು. ಯುಟಿಎಫ್-8ರಲ್ಲಿ ಅಕ್ಷರದ ನಡುವಿನ ಬೈಟ್‌ಗಳು ಸದಾ 128ರಿಂದ 191ರ ಒಳಗೇ ಇರುತ್ತವೆ, ಶುರುವಿನ ಬೈಟ್ ಎಂದೂ ಆ ಗುಂಪಿನಲ್ಲಿ ಬರುವುದಿಲ್ಲ. ಓದುವವರು 224 ಕಂಡ ಕೂಡಲೇ ಇಲ್ಲಿಂದ ಹೊಸ ಅಕ್ಷರ ಅಂತ ಹಿಡಿದುಕೊಳ್ಳಬಹುದು. ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ 1992ರಲ್ಲಿ ಪ್ಲಾನ್ 9 ಅನ್ನುವ ಆಪರೇಟಿಂಗ್ ಸಿಸ್ಟಂಗೆಂದು ಮಾಡಿದ ವಿನ್ಯಾಸ ಇದು. 1969ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಡೆನಿಸ್ ರಿಚಿ ಮುಂತಾದವರ ಜೊತೆ ಯೂನಿಕ್ಸ್ ಶುರು ಮಾಡಿದ ಅದೇ ಥಾಂಪ್ಸನ್. ಇದರಿಂದಾಗಿ ಕರ್ನೆಲ್‌ಗೆ ಕನ್ನಡ ಗೊತ್ತಿರಬೇಕಾದ ಅಗತ್ಯವೇ ಬರಲಿಲ್ಲ. ಅದಕ್ಕೆ ಬರೀ ಬೈಟ್ ಗೊತ್ತು, ಕನ್ನಡ ಅದರ ಮೂಲಕ ಹಾಯ್ದು ಹೋಗುತ್ತದೆ.

ಸರಿ ಮಾಡುವುದು ಹೇಗೆ? ಮೊದಲ ಹೆಜ್ಜೆ, ಸಿಸ್ಟಂ ಕಾಲನ್ನೇ ಬದಲಿಸಿದೆ. ಒಂದು ಬೈಟ್ ಬದಲು ಇಡೀ ಪದದ ವಿಳಾಸ ಮತ್ತು ಉದ್ದ ಕೊಡಬೇಕು. ಕರ್ನೆಲ್ ಒಳಗೆ ಬಂದಾಗ ಹಾರ್ಡ್‌ವೇರ್ ಇಂಟರಪ್ಟ್ ಆಫ್ ಮಾಡಿರುತ್ತದೆ ಅಂದೆನಲ್ಲ, ಹಾಗಾಗಿ 24 ಬೈಟ್ ಮುಗಿಯುವವರೆಗೂ ಗಡಿಯಾರ ಕರೆಯಲಾಗದು. ಪ್ರಶ್ನೆ ಗುರುತುಗಳು ಮಾಯವಾದವು. ಎಲ್ಲರೂ ಮುಗಿಯಿತು ಅಂದುಕೊಂಡು ಬ್ಯಾಗ್ ಎತ್ತಿಕೊಳ್ಳುವಾಗ ಕ್ಯೂಎಮುಗೆ ಒಂದರ ಬದಲು ಎರಡು ಕೋರ್ (ಒಟ್ಟಿಗೆ ಓಡುವ ಎರಡು ಸಿಪಿಯು ಇದ್ದ ಹಾಗೆ) ಕೊಟ್ಟು ಮತ್ತೆ ಓಡಿಸಿದೆ. ಪ್ರಶ್ನೆ ಗುರುತುಗಳು ಮೊದಲಿಗಿಂತ ಜಾಸ್ತಿ ಬಂದವು. ಈಗ ಸರದಿ ಬದಲಾಗುವ ಮಾತೇ ಇಲ್ಲ. ಎರಡು ಕೋರ್ ಒಂದೇ ಹೊತ್ತಿಗೆ ಕರ್ನೆಲ್ ಒಳಗೆ ಬಂದು ಒಂದೇ ಪೋರ್ಟಿಗೆ ಬರೆಯುತ್ತಿವೆ. ತನ್ನ ಇಂಟರಪ್ಟ್ ಆಫ್ ಮಾಡಿಕೊಂಡರೆ ಪಕ್ಕದ ಕೋರ್ ನಿಲ್ಲುವುದಿಲ್ಲ.

ಇಲ್ಲಿ ಲಾಕ್ ಬೇಕು. ಮೆಮೊರಿಯಲ್ಲಿ ಒಂದು ಜಾಗ: 0 ಇದ್ದರೆ ಖಾಲಿ, 1 ಇದ್ದರೆ ಯಾರೋ ಒಳಗಿದ್ದಾರೆ. ಆದರೆ ಓದಿ ನೋಡಿ, 0 ಇದ್ದರೆ 1 ಬರೆಯುತ್ತೇನೆ ಅಂದರೆ ನಡೆಯದು. ಎರಡೂ ಕೋರ್ ಒಟ್ಟಿಗೆ ಓದಿ, ಎರಡಕ್ಕೂ 0 ಕಂಡು, ಎರಡೂ ಒಳಗೆ ಬರುತ್ತವೆ. ಓದುವುದೂ ಬರೆಯುವುದೂ ಬಿಡಿಸಲಾಗದ ಒಂದೇ ಕೆಲಸ ಆಗಬೇಕು. ಅದಕ್ಕೆ ಹಾರ್ಡ್‌ವೇರ್‌ನಲ್ಲೇ ಅಮೋಸ್ವಾಪ್ ಅನ್ನುವ ಸೂಚನೆ ಇದೆ. 1 ಕೊಟ್ಟು, ಅಲ್ಲಿದ್ದದ್ದನ್ನು ತೆಗೆದುಕೊಳ್ಳುತ್ತದೆ. ಕೈಗೆ 0 ಬಂದರೆ ಲಾಕ್ ನಮ್ಮದು. 1 ಬಂದರೆ ಮತ್ತೆ ಪ್ರಯತ್ನ. ಎಷ್ಟೇ ಜಾಣತನದ ಸಿ ಕೋಡ್ ಬರೆದರೂ ಕೊನೆಗೆ ಇಂಥ ಒಂದು ಸೂಚನೆಯ ಮೇಲೆ ಬಂದು ನಿಲ್ಲಬೇಕಾಗುತ್ತದೆ.

ಕರ್ನೆಲ್ ತನ್ನ ಕೆಲಸದ ನಡುವೆ ಇಂಟರಪ್ಟ್ ಮತ್ತೆ ಆನ್ ಮಾಡಿಕೊಂಡಿದ್ದರೆ, ಲಾಕ್ ಹಿಡಿಯುವ ಮುಂಚೆ ಆ ಕೋರ್‌ನ ಇಂಟರಪ್ಟನ್ನೂ ಆಫ್ ಮಾಡಬೇಕು. ಇದು ಹುಡುಗರಿಗೆ ಸ್ವಲ್ಪ ತಡವಾಗಿ ಹೊಳೆಯುತ್ತದೆ. ಪೋರ್ಟಿನ ಲಾಕ್ ಹಿಡಿದು ಬರೆಯುತ್ತಿರುವಾಗ ಕೀಬೋರ್ಡ್ ಇಂಟರಪ್ಟ್ ಬಂತು ಅಂದುಕೊಳ್ಳಿ. ಒತ್ತಿದ ಅಕ್ಷರವನ್ನು ಪರದೆಯಲ್ಲಿ ತೋರಿಸೋಕೆ ಅದಕ್ಕೂ ಅದೇ ಲಾಕ್ ಬೇಕು. ಲಾಕ್ ಹಿಡಿದವನು ಅದೇ ಕೋರ್‌ನಲ್ಲಿ, ಈ ಇಂಟರಪ್ಟ್ ಮುಗಿಯಲಿ ಅಂತ ನಿಂತಿದ್ದಾನೆ. ಇಂಟರಪ್ಟ್ ಲಾಕ್ ಸಿಗಲಿ ಅಂತ ಸುತ್ತುತ್ತಿದೆ. ಅಲ್ಲಿಗೆ ಯಂತ್ರ ನಿಂತಿತು.

ಲಾಕ್‌ನ ವಿಷಯ ಬರೀ ಲ್ಯಾಬಿನ ಆಟ ಅಂತ ತಿಳಿಯಬಾರದು. 1997ರ ಜುಲೈನಲ್ಲಿ ಮಂಗಳ ಗ್ರಹದ ಮೇಲೆ ಇಳಿದ ನಾಸಾದ ಪಾತ್‌ಫೈಂಡರ್ ನೌಕೆಯ ಕಂಪ್ಯೂಟರ್ ಇದ್ದಕ್ಕಿದ್ದ ಹಾಗೆ ಮತ್ತೆ ಮತ್ತೆ ರೀಸೆಟ್ ಆಗತೊಡಗಿತು. ಹವಾಮಾನದ ಲೆಕ್ಕ ಇಡುವ ಕಡಿಮೆ ಆದ್ಯತೆಯ ಕೆಲಸವೊಂದು ಲಾಕ್ ಹಿಡಿದಿತ್ತು. ಅದೇ ಲಾಕ್‌ಗೆ ಅತಿ ಮುಖ್ಯವಾದ ಕೆಲಸವೊಂದು ಕಾಯುತ್ತಿತ್ತು. ನಡುವಿನ ಆದ್ಯತೆಯ ಕೆಲಸಗಳು ಬಂದು ಲಾಕ್ ಹಿಡಿದ ಕೆಲಸವನ್ನು ಓಡಲು ಬಿಡಲಿಲ್ಲ. ಮುಖ್ಯ ಕೆಲಸ ಹೊತ್ತಿಗೆ ಸರಿಯಾಗಿ ಆಗದ್ದನ್ನು ಕಂಡು ಕಾವಲು ವ್ಯವಸ್ಥೆ ಇಡೀ ಯಂತ್ರವನ್ನು ರೀಸೆಟ್ ಮಾಡುತ್ತಿತ್ತು. ಅದರಲ್ಲಿದ್ದದ್ದು ವಿಎಕ್ಸ್‌ವರ್ಕ್ಸ್ ಆಪರೇಟಿಂಗ್ ಸಿಸ್ಟಂ. ಲಾಕ್ ಹಿಡಿದವನಿಗೆ ತಾತ್ಕಾಲಿಕವಾಗಿ ಕಾಯುವವನ ಆದ್ಯತೆ ಕೊಡುವ ಸೌಲಭ್ಯ ಅದರಲ್ಲಿ ಮೊದಲೇ ಇತ್ತು, ಆನ್ ಆಗಿರಲಿಲ್ಲ. ಭೂಮಿಯಿಂದಲೇ ಆನ್ ಮಾಡಿದರು, ಸರಿಹೋಯಿತು.

ನಮ್ಮ ಲಾಕ್‌ಗೂ ಒಂದು ಬೆಲೆ ಇದೆ. ನಿಜವಾದ ಸೀರಿಯಲ್ ಪೋರ್ಟ್ ಸೆಕೆಂಡಿಗೆ 115200 ಬಿಟ್ ವೇಗದಲ್ಲಿ ಓಡಿದರೆ, ಒಂದು ಬೈಟ್‌ಗೆ ಶುರು ಮತ್ತು ಕೊನೆಯ ಗುರುತು ಸೇರಿ 10 ಬಿಟ್ ಆಗುವುದರಿಂದ, ಸೆಕೆಂಡಿಗೆ ಸುಮಾರು 11500 ಬೈಟ್. 'ದಾವಣಗೆರೆ' ಅನ್ನುವ 24 ಬೈಟ್‌ಗೆ 2 ಮಿಲಿಸೆಕೆಂಡ್. ಕೇಳೋಕೆ ಚಿಕ್ಕದು, ಆದರೆ ಸೆಕೆಂಡಿಗೆ 100 ಕೋಟಿ ಸಲ ಬಡಿಯುವ ಸಿಪಿಯುಗೆ ಅದು 20 ಲಕ್ಷ ಬಡಿತ. ಅಷ್ಟು ಹೊತ್ತು ಇಂಟರಪ್ಟ್ ಆಫ್ ಇಟ್ಟು ಕೂರುವುದು ತಪ್ಪು ವಿನ್ಯಾಸ. ಅದಕ್ಕೇ ಒಳ್ಳೆಯ ಕರ್ನೆಲ್‌ಗಳು ಬೈಟ್‌ಗಳನ್ನು ಒಂದು ಬಫರ್‌ಗೆ ಹಾಕಿ ಎದ್ದು ಹೋಗುತ್ತವೆ. ಪೋರ್ಟ್ ಖಾಲಿಯಾದಾಗ ಅದೇ ಇಂಟರಪ್ಟ್ ಕೊಟ್ಟು ಮುಂದಿನದ್ದನ್ನು ಕೇಳುತ್ತದೆ. ಮತ್ತೆ ಅದೇ ಕ್ರಮ, ಕರೆದಾಗ ಬರುವುದು. ಕರ್ನೆಲ್ ಎಲ್ಲಿಯವರೆಗೆ ಮಾತು ಕೊಡುತ್ತದೆ ಅನ್ನುವುದನ್ನೂ ತಿಳಿದಿರಬೇಕು. ಲಿನಕ್ಸ್‌ನಲ್ಲಿ ಒಂದೇ ಪೈಪ್‌ಗೆ (ಒಂದು ಪ್ರೋಗ್ರಾಂನಿಂದ ಇನ್ನೊಂದಕ್ಕೆ ಬೈಟ್ ಸಾಗಿಸುವ ದಾರಿ) ಹಲವರು ಬರೆದರೆ, ಒಂದು ಸಲಕ್ಕೆ 4096 ಬೈಟ್‌ವರೆಗಿನ ಬರಹ ಒಡೆಯುವುದಿಲ್ಲ. ಅದಕ್ಕಿಂತ ಉದ್ದ ಆದರೆ ನಡುವೆ ಬೇರೆಯವರದು ಸೇರಬಹುದು, ಅಕ್ಷರ ಮುರಿಯಬಹುದು.

ಮೆಮೊರಿ ಭಾಗವನ್ನು ಲಾಕ್‌ನಷ್ಟು ಉದ್ದ ಹೇಳುವುದಿಲ್ಲ, ಆದರೆ ಅದರ ಲೆಕ್ಕ ಕೂಡುವ ಚೆಂದ ಹೇಳಲೇಬೇಕು. ಪ್ರೋಗ್ರಾಂ ಬಳಸುವ ವಿಳಾಸ ರ‍್ಯಾಮ್‌ನ ನಿಜವಾದ ವಿಳಾಸ ಅಲ್ಲ, ಕರ್ನೆಲ್ ಇಟ್ಟ ಪಟ್ಟಿಗಳನ್ನು ನೋಡಿ ಸಿಪಿಯು ಅದನ್ನು ರ‍್ಯಾಮ್ ವಿಳಾಸಕ್ಕೆ ಬದಲಿಸುತ್ತದೆ. ಪ್ರೋಗ್ರಾಂನ ವಿಳಾಸ 39 ಬಿಟ್. ಕೊನೆಯ 12 ಬಿಟ್ ಪುಟದೊಳಗಿನ ಜಾಗ, ಅಂದರೆ ಒಂದು ಪುಟ 4096 ಬೈಟ್. ಉಳಿದ 27ನ್ನು 9, 9, 9 ಅಂತ ಮೂರು ಭಾಗ ಮಾಡಿ ಮೂರು ಹಂತದ ಪಟ್ಟಿಗಳಲ್ಲಿ ಹುಡುಕುತ್ತಾರೆ. 9 ಬಿಟ್‌ಗೆ 512 ಸಾಲು, ಒಂದೊಂದು ಸಾಲು 8 ಬೈಟ್, 512ನ್ನು 8ರಿಂದ ಗುಣಿಸಿದರೆ 4096. ಒಂದು ಪಟ್ಟಿ ಸರಿಯಾಗಿ ಒಂದು ಪುಟದಲ್ಲಿ ಕೂರುತ್ತದೆ. ಹುಡುಗರಿಗೆ ತೋರಿಸಿದ್ದು ಇಷ್ಟು: ಎರಡು ಪ್ರೋಗ್ರಾಂ ತಮ್ಮ ವೇರಿಯಬಲ್‌ನ ವಿಳಾಸ ಮತ್ತು ಬೆಲೆ ಎರಡನ್ನೂ ಬರೆಯಬೇಕು. ವಿಳಾಸ ಎರಡರಲ್ಲೂ ಒಂದೇ, ಬೆಲೆ ಬೇರೆ ಬೇರೆ. ಪಟ್ಟಿ ಬೇರೆ ಆದ್ದರಿಂದ ಅದೇ ವಿಳಾಸ ರ‍್ಯಾಮ್‌ನ ಬೇರೆ ಪುಟಕ್ಕೆ ಹೋಗುತ್ತದೆ. ಆಮೇಲೆ ಒಂದು ಪ್ರೋಗ್ರಾಂಗೆ 0 ವಿಳಾಸ ಓದಲು ಹೇಳಿದೆ. ಆ ಪುಟವನ್ನು ಪಟ್ಟಿಯಲ್ಲಿ ಇಟ್ಟಿರಲಿಲ್ಲ. ಕಾರಣ ಸಂಖ್ಯೆ 13 ಹೊತ್ತು ಕರ್ನೆಲ್ ಎದ್ದಿತು, ಅದೊಂದನ್ನೇ ಮುಗಿಸಿತು, ಪಕ್ಕದ ಪ್ರೋಗ್ರಾಂ ಏನೂ ಆಗದ ಹಾಗೆ ಚಿತ್ರದುರ್ಗ ಚಿತ್ರದುರ್ಗ ಅಂತ ಬರೆಯುತ್ತಲೇ ಇತ್ತು.

ಇದನ್ನು ಬರೆಯುವವರಿಗೆ ಒಂದು ಸೂಕ್ಷ್ಮ. ಯೂಸರ್ ಪಟ್ಟಿಯಿಂದ ಕರ್ನೆಲ್ ಪಟ್ಟಿಗೆ ಬದಲಿಸುವ ಸೂಚನೆ ಮುಗಿದ ತಕ್ಷಣ, ಅದರ ಮುಂದಿನ ಸೂಚನೆಯನ್ನು ಸಿಪಿಯು ಹೊಸ ಪಟ್ಟಿಯ ಮೂಲಕ ಹುಡುಕುತ್ತದೆ. ಆ ವಿಳಾಸದಲ್ಲಿ ಹೊಸ ಪಟ್ಟಿಯಲ್ಲಿ ಬೇರೇನೋ ಇದ್ದರೆ ಕಥೆ ಮುಗಿಯಿತು. ಹಾಗಾಗಿ ಬದಲಿಸುವ ಕೋಡ್ ಇರುವ ಆ ಒಂದು ಪುಟ ಎರಡೂ ಪಟ್ಟಿಗಳಲ್ಲಿ ಒಂದೇ ವಿಳಾಸದಲ್ಲಿ ಇರಬೇಕು.

ನಿಮ್ಮ ಲಿನಕ್ಸ್‌ನಲ್ಲೇ ಇದನ್ನೆಲ್ಲ ನೋಡಬೇಕು ಅನ್ನಿಸಿದರೆ ಪ್ರಾಕ್ (/proc) ಫೋಲ್ಡರ್ ತೆರೆಯಿರಿ. ಅದರಲ್ಲಿ ಇಂಟರಪ್ಟ್ಸ್ ಅನ್ನುವ ಫೈಲ್ ಇದೆ, ಯಾವ ಸಾಧನ ಯಾವ ಕೋರನ್ನು ಎಷ್ಟು ಸಲ ಕರೆಯಿತು ಅನ್ನುವ ಎಣಿಕೆ ಇರುತ್ತದೆ. ಮೌಸ್ ಅಲ್ಲಾಡಿಸಿ ಮತ್ತೆ ನೋಡಿ. ಪ್ರತಿ ಪ್ರೋಸೆಸ್‌ನ ಸ್ಟೇಟಸ್ ಫೈಲಿನ ಕೊನೆಯಲ್ಲಿ ಎರಡು ಸಾಲು ಇವೆ. ತಾನಾಗೇ ಎಷ್ಟು ಸಲ ಸಿಪಿಯು ಬಿಟ್ಟುಕೊಟ್ಟಿತು, ಎಷ್ಟು ಸಲ ಕಿತ್ತುಕೊಳ್ಳಬೇಕಾಯಿತು ಅಂತ. ಟೆಕ್ಸ್ಟ್ ಎಡಿಟರ್‌ನದ್ದು ಬಹುಪಾಲು ತಾನಾಗೇ ಬಿಟ್ಟದ್ದು, ನಿಮ್ಮ ಕೀಲಿ ಒತ್ತುವಿಕೆಗೆ ಕಾಯುತ್ತಾ ಕೂತಿರುತ್ತದೆ. ಬರೀ ಲೆಕ್ಕ ಮಾಡುವ ಲೂಪ್‌ನದ್ದು ಬಹುಪಾಲು ಕಿತ್ತುಕೊಂಡದ್ದು.

ಈಗ ಡಿಸ್ಕ್ ಭಾಗ ನಡೆಯುತ್ತಿದೆ. ಫೈಲಿಗೆ ಒಂದು ಸಾಲು ಸೇರಿಸಿದರೂ ಡಿಸ್ಕಿನಲ್ಲಿ ಹಲವು ಕಡೆ ಬರೆಯಬೇಕು: ಸಾಲು ಕೂರುವ ಬ್ಲಾಕು, ಯಾವ ಬ್ಲಾಕ್ ಖಾಲಿ ಅನ್ನುವ ಪಟ್ಟಿ, ಫೈಲಿನ ಉದ್ದ ಇರುವ ಐನೋಡ್. ನಡುವೆ ಕರೆಂಟ್ ಹೋದರೆ ಒಂದು ಬರೆದು ಇನ್ನೊಂದು ಬರೆಯದ ಸ್ಥಿತಿ. ಅದಕ್ಕೆ ಮೊದಲು ಎಲ್ಲವನ್ನೂ ಲಾಗ್ ಅನ್ನುವ ಬೇರೆ ಜಾಗದಲ್ಲಿ ಬರೆದು, ಆಮೇಲೆ ಇಷ್ಟು ಬ್ಲಾಕ್ ಇವೆ ಅಂತ ಒಂದು ತಲೆಬರಹದ ಬ್ಲಾಕ್ ಬರೆಯುತ್ತೇವೆ. ಅದು ಬಿದ್ದರೆ ಕೆಲಸ ಆದ ಹಾಗೆ, ಬೀಳದಿದ್ದರೆ ಶುರುವೇ ಆಗಿಲ್ಲದ ಹಾಗೆ. ಲಿನಕ್ಸ್‌ನ ಎಕ್ಸ್‌ಟಿ3 ಫೈಲ್ ವ್ಯವಸ್ಥೆ 2001ರಲ್ಲಿ ತಂದ ಜರ್ನಲ್‌ನ ಹಿಂದೆ ಇರುವುದೂ ಇದೇ ತತ್ವ. ಹುಡುಗರು ಒಂದು ಸ್ಕ್ರಿಪ್ಟ್ ಬರೆದಿದ್ದಾರೆ. ಕರ್ನೆಲ್ ಡಿಸ್ಕಿಗೆ ಬರೆಯುತ್ತಿರುವಾಗ ಅದು ಯಾವುದೋ ಒಂದು ಕ್ಷಣದಲ್ಲಿ ಕ್ಯೂಎಮುವನ್ನು ಕಿಲ್ ಮಾಡುತ್ತದೆ, ಮತ್ತೆ ಬೂಟ್ ಮಾಡಿಸಿ ಫೈಲ್‌ಗಳನ್ನು ಬೈಟ್ ಬೈಟ್ ಹೋಲಿಸಿ ನೋಡುತ್ತದೆ. ಸಂಜೆ ಲ್ಯಾಬ್ ಬೀಗ ಹಾಕುವಾಗ ಒಂದು ಯಂತ್ರದಲ್ಲಿ ಅದನ್ನು ಹಚ್ಚಿಟ್ಟು ಹೋಗುತ್ತೇವೆ, ಬೆಳಿಗ್ಗೆ ಬಂದವರು ಮೊದಲು ಅದರ ಫಲಿತಾಂಶ ನೋಡುತ್ತಾರೆ.